ಬೀಗರಿಗೆ ಹೇಳಿದ ಮಾತುಗಳು

ಮೂವತ್ತೈದು ವರ್ಷದ ಸಂಸಾರದಲ್ಲಿ ನನ್ನ ಸೋದರಮಾವ ತನ್ನ ಹೆಂಡತಿಯೊಂದಿಗೆ ನೇರವಾಗಿ ಆಡಿದ್ದು ಒಂದೇ ಒಂದು ಮಾತು. ಅದಕ್ಕೆ ನಾನೇ ಸಾಕ್ಷಿ. ಹಾಗಾದರೆ ಇಬ್ಬರಿಗೂ ಜಗಳವೇ? ಛೇ, ಎಲ್ಲಿಯ ಜಗಳ! ಶಿಗ್ಗಾವಿಯ ನಮ್ಮ ಓಣಿಯಲ್ಲಿ ಗಂಡ-ಹೆಂಡಿರ ಜಗಳ ಬಿಡಿಸಲು ಹೋದ ಹಿರಿಯರು, ಇವರನ್ನು ನೋಡಿ ಕಲಿಯಿರಿ ಎಂದು ಬೆರಳು ಮಾಡಿ ತೋರಿಸುವುದು ಇವರ ಮನೆಯನ್ನೇ. ಆದರೂ ಇದುವರೆಗೆ ಕಲಿತವರು ಒಬ್ಬರೂ ಇಲ್ಲ. ಅವರ ಹಾಗೆ ಬಾಳಬೇಕಾದರೆ ಮನೆಯಲ್ಲಿ ಒಂದು ನಾಯಿ ಇರಬೇಕಾಗುತ್ತದೆ.

ಮಾಮಾ ಮಿತಭಾಷಿ ಎಂದೇನೂ ತಿಳಿಯಬೇಡಿ. ಅವನದು ಹಿಟ್ಟಿನ ಗಿರಣಿ. ಜೋಳ ಬೀಸಿಸಲು ಬಂದವರು ಹಿಟ್ಟಿನ ಜೊತೆಗೆ ಊರ ಸುದ್ದಿಯನ್ನೂ ಕಟ್ಟಿಕೊಂಡೇ ಹೋಗಬೇಕು. ಮಳೆ, ಮೆಣಸಿನಕಾಯಿ ಬೆಳೆ, ಹುಲಗೂರಿನ ಯಾರದೋ ಎಮ್ಮೆ ಈದದ್ದು, ಎಲ್ಲವನ್ನೂ ಗಿರಣಿಯ ಸದ್ದಿಗಿಂತ ಒಂದು ಕೂದಲು ಎತ್ತರದ ದನಿಯಲ್ಲಿ ಹೇಳುತ್ತಾನೆ. ಹಿರೇಬೆಂಡಿಗೇರಿಯ ಅಜ್ಜಿಯೊಬ್ಬಳು ಅವನ ಮಾತು ಕೇಳುತ್ತ ಕೇಳುತ್ತ ಹಿಟ್ಟಿನ ಡಬ್ಬಿಯನ್ನು ಇಲ್ಲೇ ಮರೆತು ಬಸ್ಸು ಹತ್ತಿ ಹೋಗಿದ್ದಳಂತೆ. ಇಂಥ ಮನುಷ್ಯ ಗಿರಣಿಯ ಹಿಂದಿನ ಬಾಗಿಲು ದಾಟಿ ಮನೆಯೊಳಗೆ ಕಾಲಿಟ್ಟನೆಂದರೆ, ಹೆಂಡತಿಯ ಎದುರು ಬಾಯಿಗೆ ಬೀಗ!

ಇದಕ್ಕೆ ಕಾರಣವಿದೆ. ಇವರ ಮದುವೆಯಾದಾಗ ಆ ಮನೆಯಲ್ಲಿ ಹನ್ನೊಂದು ಮಂದಿ. ಹಿರಿಯರ ಎದುರು ಸೊಸೆಯಾದವಳು ಗಂಡನೊಂದಿಗೆ ಮಾತಾಡಿದರೆ ನಾಚಿಕೆಗೆಟ್ಟವಳು. ಗಂಡನಾದವನು ಹೆಂಡತಿಯನ್ನು ಕರೆದರೆ ಹೆಂಡಿರ ಗುಲಾಮ. ಹೀಗಾಗಿ ಆಗಿನ ಗಂಡ-ಹೆಂಡಿರೆಲ್ಲ ತಮ್ಮ ಮಾತನ್ನು ಮೂರನೆಯವರ ಮೇಲೆ ಹಾಕಿ ಆಡುತ್ತಿದ್ದರು. ಮಾಮಾನ ಹೆಂಡತಿ, ಅಂದರೆ ನನ್ನ ಅತ್ತೆ, ಆಕಳ ಕರುವಿನ ಮೈ ತಿಕ್ಕುತ್ತ, ಸಂತೆಗೆ ಹೋದವರು ಬೆಲ್ಲ ತಂದರೆ ಒಳ್ಳೆಯದಾಗುತ್ತಿತ್ತು ಎಂದು ಕರುವಿಗೆ ಹೇಳುವುದು. ಮಾಮಾ ಅಂಗಳದ ಕಂಬಕ್ಕೆ ಒರಗಿ, ತರೋಣಂತೆ ಎಂದು ಕಂಬಕ್ಕೆ ಹೇಳುವುದು. ಕಾಲ ಬದಲಾಯಿತು, ಹಿರಿಯರು ಒಬ್ಬೊಬ್ಬರಾಗಿ ಹೋದರು, ಉಳಿದ ಮನೆಗಳಲ್ಲೆಲ್ಲ ಗಂಡ-ಹೆಂಡಿರ ಬಾಯಿ ಬಿಚ್ಚಿತು. ಹಾನಗಲ್ಲಿನಲ್ಲಿ ನಮ್ಮ ಅಪ್ಪ-ಅವ್ವನ ಬಾಯಿ ಎಷ್ಟು ಬಿಚ್ಚಿತೆಂದರೆ ಈಗ ಅಕ್ಕಪಕ್ಕದವರು ಕಿಟಕಿ ಹಾಕಿಕೊಳ್ಳುತ್ತಾರೆ! ಆದರೆ ಮಾಮಾ ಮತ್ತು ಅತ್ತೆ ಮಾತ್ರ ಹಾಗೇ ಉಳಿದುಬಿಟ್ಟರು. ಅಷ್ಟು ವರ್ಷ ಆಡದೇ ಇದ್ದವರು ಇದ್ದಕ್ಕಿದ್ದ ಹಾಗೆ ಏನೆಂದು ಶುರು ಮಾಡಬೇಕು? ಮೊದಲನೆಯ ಮಾತು ಯಾವುದಿರಬೇಕು? ಅದೇ ತಿಳಿಯದೆ ಇಬ್ಬರೂ ಮುಂದಕ್ಕೆ ಹಾಕುತ್ತಲೇ ಬಂದರು.

ನಡುವೆ ಮಗಳು ಹುಟ್ಟಿದ್ದರಿಂದ ಇಪ್ಪತ್ತು ವರ್ಷ ತೊಂದರೆಯಾಗಲಿಲ್ಲ. ಬೇರೆ ಮಕ್ಕಳು ಅವ್ವ, ಅಪ್ಪ ಎಂದು ತೊದಲು ಕಲಿತರೆ ಈ ಹುಡುಗಿ ಕಲಿತ ಮೊದಲ ಪೂರ್ತಿ ವಾಕ್ಯ, 'ಉಣ್ಣಾಕ ಬರಬೇಕಂತ'. ಹಂಸಭಾವಿಗೆ ಕೊಟ್ಟು ಮದುವೆ ಮಾಡಿದರು. ಗಂಡನ ಮನೆಗೆ ಹೊರಟು ನಿಂತಾಗ ಅವಳು ನನ್ನ ಕುತ್ತಿಗೆಗೆ ಬಿದ್ದು ಅತ್ತಳು. ತವರು ಬಿಡುವ ದುಃಖ ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ಅವಳು ನನ್ನ ಕಿವಿಯಲ್ಲಿ ಹೇಳಿದ್ದೇ ಬೇರೆ. "ಅಕ್ಕಾ, ಇನ್ನ ಇವರಿಬ್ಬರ ಮಾತು ಯಾರು ಮುಟ್ಟಸ್ತಾರ?"

ಅವಳು ಹೆದರಿದ್ದು ಸುಳ್ಳಾಗಲಿಲ್ಲ. ಮುಂದಿನ ಹದಿನೈದು ದಿನ ಆ ಮನೆಯಲ್ಲಿ ಅತ್ತೆ ಗ್ಯಾಸಿನ ಸಿಲಿಂಡರಿಗೂ ಮಾಮಾ ಗೋಡೆಯ ಕ್ಯಾಲೆಂಡರಿಗೂ ಮಾತಾಡಿ ನೋಡಿದರು. ಸಿಲಿಂಡರಿಗೆ ಹೇಳಿದ್ದು ಮಾಮಾನಿಗೆ ಕೇಳಿಸಲಿಲ್ಲ, ಕ್ಯಾಲೆಂಡರಿಗೆ ಹೇಳಿದ್ದು ಅತ್ತೆಗೆ ಮುಟ್ಟಲಿಲ್ಲ. ಸಾರಿಗೆ ಉಪ್ಪಿಲ್ಲದ ಮೂರು ದಿನ ಮಾಮಾ ಸುಮ್ಮನೆ ಉಂಡನಂತೆ. ಸುದ್ದಿ ತಿಳಿದ ಮಗಳು ತಡಮಾಡಲಿಲ್ಲ. ಅಳಿಯನ ಕೈಯಲ್ಲಿ ಒಂದು ಬುಟ್ಟಿ ಕೊಟ್ಟು ಬಸ್ಸು ಹತ್ತಿಸಿದಳು. ಬುಟ್ಟಿಯ ಒಂದು ಬದಿಗೆ ಹೋಳಿಗೆ ಬುತ್ತಿ, ಇನ್ನೊಂದು ಬದಿಗೆ ಕಂದು ಬಣ್ಣದ ನಾಯಿಮರಿ.

ಈಗ ಮಾಮಾನ ತಲೆ ಕೆಲಸ ಮಾಡಿದ ರೀತಿ ನೋಡಿ. ಬೀಗರ ಮನೆಯಿಂದ ಬಂದದ್ದು ಕಲ್ಲಾದರೂ ಅದಕ್ಕೆ ಮರ್ಯಾದೆ ಮಾಡಬೇಕೆಂಬುದು ಅವನ ಸಿದ್ಧಾಂತ. ಇದಂತೂ ಜೀವ! ಬಾಗಿಲಲ್ಲೇ ನಿಲ್ಲಿಸಿ, ಬಂದ ನೆಂಟರಿಗೆ ಕೊಡುವ ಹಾಗೆ ತಂಬಿಗೆ ತುಂಬ ಕಾಲಿಗೆ ನೀರು ಕೊಟ್ಟ. ಮರಿ ತಂಬಿಗೆಯೊಳಗೆ ಮೂತಿ ಹಾಕಿ ಅರ್ಧ ನೀರು ಕುಡಿಯಿತು. ದಾರಿಯಲ್ಲಿ ಬಾಯಾರಿರಬೇಕು ಪಾಪ ಎಂದು ಉಳಿದ ನೀರಿನಲ್ಲಿ ತಾನೇ ಅದರ ನಾಲ್ಕೂ ಕಾಲು ತೊಳೆದು ಒಳಗೆ ಕರೆದುಕೊಂಡ. ಅವತ್ತಿನಿಂದ ಅದರ ಹೆಸರು ಬೀಗರು. ಬರೀ ಹೆಸರಲ್ಲ, ಮಾತೆಲ್ಲ ಬಹುವಚನ: ಬರ್ರಿ ಬೀಗರ, ಕುಂದರ್ರಿ ಬೀಗರ, ಹೊರಗ ಅಡ್ಡಾಡಿ ಬರ್ತೀರೇನ್ರಿ ಬೀಗರ. ನೆಂಟರಿಗೆ ಉಡುಗೊರೆ ಮಾಡುವ ಹಾಗೆ ಪ್ರತಿ ಯುಗಾದಿಗೆ ಕುತ್ತಿಗೆಗೆ ಹೊಸ ಟವೆಲ್ಲಿನ ಆಯೇರಿ. ಸ್ವಂತ ಮಾಮಾನನ್ನು ಏಕವಚನದಲ್ಲಿ ಕರೆಯುವ ನಾನು ಕೂಡ ನಾಯಿಗೆ 'ಹೋದರು, ಬಂದರು' ಎಂದೇ ಬರೆಯುತ್ತಿದ್ದೇನೆ, ಗಮನಿಸಿ. ಆ ಮನೆಯ ರೂಢಿ ಅಂಥದು.

ಬೀಗರಿಗೆ ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಒಂದು ಮಾಮಾನ ಮಾತಿಗೆ, ಒಂದು ಅತ್ತೆಯ ಮಾತಿಗೆ ಎಂದು ನಾವು ನಗುತ್ತಿದ್ದೆವು. ಬಂದ ಮರುದಿನವೇ ಅವರು ಕೆಲಸಕ್ಕೆ ಹಾಜರಾದರು. ಚಹಾದಲ್ಲಿ ಸಕ್ಕರೆ ಕಡಿಮೆಯಾಗಿದೆ ಎಂದು ಮಾಮಾ ಬೀಗರಿಗೆ ಹೇಳಬೇಕು. ಡಾಕ್ಟರು ಸಕ್ಕರೆ ಬೇಡವೆಂದದ್ದನ್ನು ನೆನಪು ಮಾಡಿಕೊಡಿ ಎಂದು ಅತ್ತೆ ಬೀಗರಿಗೆ ಹೇಳಬೇಕು. ಬೀಗರು ಮಾತು ಬಂದ ಕಡೆಗೆಲ್ಲ ಗಂಭೀರವಾಗಿ ಮುಖ ತಿರುಗಿಸಬೇಕು. ಅಷ್ಟೇ ಅವರ ಕೆಲಸ. ಆದರೆ ಆ ಕೆಲಸ ಮಾಡುವವರು ಇಲ್ಲದ್ದಕ್ಕೆ ಎಷ್ಟು ಮನೆ ಮುರಿದಿಲ್ಲ ಹೇಳಿ!

ಆರು ವರ್ಷದ ಹಿಂದೆ ಹುಲಗೂರಿನ ಶಾಲೆಗೆ ನನಗೆ ವರ್ಗವಾಗಿ, ಮಾಮಾನ ಮನೆಯ ಮುಂದಿನ ಕೋಣೆಯಲ್ಲಿ ನಾನು ಇರತೊಡಗಿದ ಮೇಲೆ ಇದನ್ನೆಲ್ಲ ದಿನವೂ ಕಣ್ಣಾರೆ ಕಂಡೆ. ಒಮ್ಮೆ ಮಾಮಾ ಯಾರ ಜೊತೆಗೋ ಮಾತಿಗೆ ನಿಂತು, ಆಗಷ್ಟೇ ಖಾರಪುಡಿ ಮಾಡಿದ್ದ ಮಷೀನಿಗೆ ಇಡೀ ಓಣಿಯ ಜೋಳ ಸುರಿದುಬಿಟ್ಟ. ಅವತ್ತು ನಮ್ಮ ಓಣಿಯಲ್ಲಿ ರೊಟ್ಟಿ ತಿಂದವರೆಲ್ಲ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಗಿರಣಿಯ ಮುಂದೆ ಜಮಾಯಿಸಿದರು. ಅವರೆಲ್ಲರನ್ನೂ ಸಮಾಧಾನ ಮಾಡಿ ಕಳಿಸಿ ಮಾಮಾ ಊಟಕ್ಕೆ ಕುಳಿತಾಗ ಅತ್ತೆ ಶುರು ಮಾಡಿದಳು.

"ಬೀಗರ, ಓಣಿ ಮಂದಿಗೆಲ್ಲ ಇವತ್ತ ಚಟ್ನಿ ಅರಿಯೂ ಕೆಲಸ ಉಳಿಸ್ಯಾರ, ಭಾಳ ಪುಣ್ಯ ಕಟಗೊಂಡ್ರು ಅಂತ ಹೇಳ್ರಿ."

"ಬೀಗರ, ಮನಷ್ಯಾ ಅಂದ ಮ್ಯಾಲೆ ತಪ್ಪು ಆಗತೈತಿ ಅಂತ ಹೇಳ್ರಿ."

"ಬಾಯಿ ಮುಚಗೊಂಡು ಬೀಸಿದ್ರ ಆಗೂದಿಲ್ಲ ಅಂತ ಹೇಳ್ರಿ ಬೀಗರ."

ಬೀಗರು ಅತ್ತ ನೋಡಿದರು, ಇತ್ತ ನೋಡಿದರು. ತಾಟಿನಿಂದ ಬಿದ್ದ ರೊಟ್ಟಿಯ ಚೂರನ್ನು ಮೂಸಿ ಎರಡು ಸಲ ಸೀನಿದರು. ಆಮೇಲೆ ಎದ್ದು ಮಂಚದ ಕೆಳಗೆ ಹೋಗಿ ಮಲಗಿಬಿಟ್ಟರು. ಅಲ್ಲಿಗೆ ಜಗಳ ಬರಖಾಸ್ತು! ಅದು ಆ ಮನೆಯ ಕಾನೂನು. ಕೇಳುವವರು ಎದ್ದು ಹೋದ ಮೇಲೆ ಹೇಳುವುದು ಯಾರಿಗೆ? ನಾನು ಮದುವೆಯಾಗಿ ಗಂಡನನ್ನು ಬಿಟ್ಟವಳು, ಅನುಭವದಿಂದ ಹೇಳುತ್ತೇನೆ: ಬೇಸರವಾದಾಗ ಎದ್ದು ಹೋಗುವ ಮೂರನೆಯವರೊಬ್ಬರು ಇದ್ದರೆ ಎಷ್ಟೋ ಜಗಳಗಳು ಕೊನೆಯ ಮಾತಿನವರೆಗೆ ಹೋಗುವುದೇ ಇಲ್ಲ. ನಮ್ಮಿಬ್ಬರ ನಡುವೆ ನಾಯಿ ಇರಲಿಲ್ಲ.

ಇನ್ನು ಹಂಸಭಾವಿಯ ಅಸಲಿ ಬೀಗರು, ಅಂದರೆ ಮಗಳ ಮಾವನವರು, ಮೂರು ದಿನ ಇದ್ದು ಹೋಗಲು ಬಂದ ಕಥೆ ಕೇಳಿ. ಅವರ ಎದುರು ನಾಯಿಗೆ ಬೀಗರ ಎಂದರೆ ಏನು ಗತಿ? ಮೂರು ದಿನದ ಮಟ್ಟಿಗೆ ನಾಯಿಯನ್ನು ಯಾರೂ ಯಾವ ಹೆಸರಿನಿಂದಲೂ ಕರೆಯಕೂಡದೆಂದು ಮಾಮಾ ನನಗೆ ತಾಕೀತು ಮಾಡಿದ. ಅಂದರೆ ಮೂರು ದಿನ ಮಾತು ಬಂದ್. ಮೊದಲನೆಯ ಊಟಕ್ಕೇ ಮಾಮಾನಿಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕುಳಿತ ಅಸಲಿ ಬೀಗರ ಕಡೆಗೆ ತಿರುಗಿ, ಮಜ್ಜಿಗೆಗೆ ಉಪ್ಪು ಬೇಕಂತ ಹೇಳಿರಿ ಎಂದುಬಿಟ್ಟ. ಪಾಪ, ಆ ದೊಡ್ಡ ಮನುಷ್ಯರು ಎರಡು ಮಾರು ದೂರದಲ್ಲಿದ್ದ ಅತ್ತೆಗೆ ಅದನ್ನು ಹೇಳಿದರು. ಉಪ್ಪು ಬೀಳುತ್ತಲೇ, ಸಾಕೋ ಇನ್ನೂ ಬೇಕೋ ಕೇಳಿರಿ ಎಂದು ಅತ್ತೆ ಅವರಿಗೆ ಹೇಳಿದಳು. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವರ ಕುತ್ತಿಗೆ ಹಿಡಿದುಕೊಂಡಿತ್ತು. ಮೂರು ದಿನಕ್ಕೆಂದು ಬಂದವರು ಎರಡನೆಯ ದಿನವೇ ಚೀಲ ಹಿಡಿದರು. ಸೊಸೆಯಿಂದ ಎಲ್ಲ ಮೊದಲೇ ಗೊತ್ತಿತ್ತೋ ಏನೋ, ಹೋಗುವಾಗ ಬಾಗಿಲಲ್ಲಿ ಮಲಗಿದ್ದ ನಾಯಿಯ ಎದುರು ನಿಂತು ಕೈಮುಗಿದರು. "ನಿಮ್ಮ ಕೆಲಸ ನನ್ನ ಕೈಲೆ ಆಗೂದಲ್ರಿ," ಎಂದರು.

ಹೀಗೆ ಹದಿಮೂರು ವರ್ಷ ನಡೆಯಿತು. ನಾಯಿಗೆ ಹದಿಮೂರು ಎಂದರೆ ಮುಪ್ಪೇ. ಬೀಗರ ಮೂತಿ ಬೆಳ್ಳಗಾಯಿತು, ನಡಿಗೆ ನಿಧಾನವಾಯಿತು. ಹಳೆಯ ಬಾಗಿಲಿನ ಹಲಗೆಯೊಂದನ್ನು ಪಡಸಾಲೆಯಲ್ಲಿ ಹಾಸಿ ಅದರ ಮೇಲೆ ಗೋಣಿಚೀಲ ಹೊದಿಸಿ ಮಾಮಾ ಅವರಿಗೆ ಹಾಸಿಗೆ ಮಾಡಿಕೊಟ್ಟ. ಕಳೆದ ದೀಪಾವಳಿಯಲ್ಲಿ ಓಣಿಯ ಪಟಾಕಿಗೆ ನಮ್ಮ ಕಿಟಕಿಗಳೇ ನಡುಗಿದವು. ಪಟಾಕಿ ಎಂದರೆ ಮಂಚದ ಕೆಳಗೆ ಸೇರುತ್ತಿದ್ದ ಬೀಗರು ಹಲಗೆಯ ಮೇಲೆ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದರು. ಅತ್ತೆಯೂ ನಾನೂ ಮುಖ ಮುಖ ನೋಡಿಕೊಂಡೆವು.

ಮರುವಾರ ಮಾಮಾ ಸವಣೂರಿಗೆ ಹೋದ ದಿನ ನೋಡಿ, ಅತ್ತೆ ನನ್ನನ್ನು ಕರೆದುಕೊಂಡು ಬೀಗರನ್ನು ಆಟೋದಲ್ಲಿ ದನದ ದವಾಖಾನೆಗೆ ಒಯ್ದಳು. ಡಾಕ್ಟರು ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು, ತಗಡಿನ ತಟ್ಟೆ ಬಡಿದರು. ವಯಸ್ಸಾಗಿದೆ, ಎರಡೂ ಕಿವಿ ಪೂರ್ತಿ ಹೋಗಿವೆ, ಔಷಧಿ ಇಲ್ಲ ಎಂದರು. ಅತ್ತೆ ತಲೆಯಾಡಿಸಿದಳು. ಮನೆಯ ತಿರುವಿನಲ್ಲಿ ಆಟೋ ಇಳಿದು ನನ್ನ ಕೈ ಹಿಡಿದುಕೊಂಡಳು.

"ನಿಮ್ಮ ಮಾಮಾಗ ಹೇಳಬ್ಯಾಡವಾ. ಕೇಳ್ಸೂದಿಲ್ಲಂತ ಗೊತ್ತಾದ್ರ ಅವರು ಮಾತ ನಿಲ್ಲಸ್ತಾರ. ಅವರ ದನಿ ಕೇಳಲಾರದ ನಾ ಆ ಮನ್ಯಾಗ ಹೆಂಗ ಇರ್ಲಿ?"

ಅಲ್ಲಿಯವರೆಗೆ ನನಗೆ ಇದೆಲ್ಲ ಬರೀ ತಮಾಷೆಯಾಗಿತ್ತು. ಅವಳ ಕೈ ತಣ್ಣಗಿತ್ತು. ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿದೆ.

ಅಂದಿನಿಂದ ಅತ್ತೆ ಒಂದು ಉಪಾಯ ಹೂಡಿದಳು. ಬೀಗರು ಮಲಗುವ ಹಲಗೆಯ ಮೂಲೆಯನ್ನು ಕಾಲ ಹೆಬ್ಬೆರಳಿನಿಂದ ಮೆಲ್ಲಗೆ ತಟ್ಟುವುದು. ಹಲಗೆ ಅದುರಿದರೆ ಬೀಗರು ಕಣ್ಣು ಬಿಟ್ಟು ತಲೆ ಎತ್ತುತ್ತಿದ್ದರು. ಆಗ ಮಾತಾಡುವುದು. ಮಾಮಾ ಮಾತಾಡುವಾಗಲೂ ಅವನಿಗೆ ಕಾಣದ ಹಾಗೆ ಸೀರೆಯ ನಿರಿಗೆಯೊಳಗಿಂದಲೇ ಅವಳ ಕಾಲು ಹಲಗೆ ತಟ್ಟುತ್ತಿತ್ತು. ಅಂತೂ ಸಂಸಾರ ಸಾಗಿತು. ಮಾಮಾನೂ ಇತ್ತೀಚೆಗೆ ಕುರ್ಚಿಯನ್ನು ಹಲಗೆಯ ಹತ್ತಿರಕ್ಕೇ ಎಳೆದುಕೊಂಡು ಕೂರುತ್ತಿದ್ದ. ಮುದಿ ಬೀಗರ ಮೇಲೆ ಪ್ರೀತಿ ಹೆಚ್ಚಾಗಿದೆ ಎಂದುಕೊಂಡೆ.

ಈ ಬೇಸಿಗೆಯಲ್ಲಿ ಅತ್ತೆಗೆ ಹೊಟ್ಟೆನೋವು ಶುರುವಾಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಪಿತ್ತಕೋಶದ ತುಂಬ ಕಲ್ಲುಗಳಿವೆ, ಆಪರೇಶನ್ ಆಗಬೇಕು ಎಂದರು. ಮೂವತ್ತೈದು ವರ್ಷ ನುಂಗಿದ ಮಾತೆಲ್ಲ ಕಲ್ಲಾಗಿ ಕುಳಿತಿದೆ ಎಂದು ಓಣಿಯ ಹೆಂಗಸರು ನಕ್ಕರು. ಅತ್ತೆಗೆ ನಗು ಬರಲಿಲ್ಲ. ಅವಳ ಅವ್ವ ಇಂಥದೇ ಆಪರೇಶನ್ನಿಗೆ ಒಳಗೆ ಹೋದವಳು ಎದ್ದು ಬಂದಿರಲಿಲ್ಲ. ಅದನ್ನು ನೆನೆದು ಅವಳು ಊಟ ಬಿಟ್ಟಳು, ಅವಳನ್ನು ನೋಡಿ ಮಾಮಾ ಬಿಟ್ಟ.

ಹಂಸಭಾವಿಯಿಂದ ಮಗಳು ಬಂದು ಜೊತೆಗೆ ಹೋದಳು. ಬೀಗರನ್ನು ನೋಡಿಕೊಳ್ಳಲು ಶಾಲೆಗೆ ರಜೆ ಹಾಕಿ ನಾನು ಮನೆಯಲ್ಲಿ ಉಳಿದೆ. ಮಾಮಾ ಅಲ್ಲಿಗೆ ಹೋಗಿಯೂ ಸುಮ್ಮನಿರಲಿಲ್ಲ. ದವಾಖಾನೆಯ ಬಾಗಿಲಲ್ಲಿ ಹೆಸರು ಬರೆದುಕೊಳ್ಳಲು ಕುಳಿತವಳನ್ನು, ಮನೆಯ ಹಿರಿಯರೊಬ್ಬರು ಬಂದು ಕೂಡಬಹುದೇ ಎಂದು ಕೇಳಿದನಂತೆ. ಆಗಬಹುದು, ವಯಸ್ಸೆಷ್ಟು ಎಂದಳಂತೆ ಅವಳು. ಹದಿಮೂರು ಎಂದನಂತೆ! ಮುಂದೆ ಏನಾಗಿರಬೇಕು ಎಂಬುದನ್ನು ನಿಮಗೇ ಬಿಡುತ್ತೇನೆ.

ಆಪರೇಶನ್ ದಿನ ಬೆಳಿಗ್ಗೆ ನನ್ನ ಫೋನು ಹೊಡೆದುಕೊಂಡಿತು. ಮಗಳು ಔಷಧಿ ತರಲು ಕೆಳಗೆ ಇಳಿದಿದ್ದಳು. ಅತ್ತೆಯನ್ನು ಒಳಗೆ ಒಯ್ಯಲು ಇನ್ನು ಹತ್ತು ನಿಮಿಷವಿತ್ತು. ಇಬ್ಬರೇ ಎದುರುಬದುರು. ಮಾಮಾನ ದನಿ ಗಿರಣಿಯ ದನಿಯಾಗಿರಲಿಲ್ಲ.

"ಯವ್ವಾ, ಬೀಗರ ಕಿವಿಗೆ ಫೋನ್ ಹಿಡಿ. ದೊಡ್ಡ ದನಿ ಮಾಡಿ ಹಿಡಿ."

ಬೀಗರು ಹಲಗೆಯ ಮೇಲೆ ಗಾಢ ನಿದ್ದೆಯಲ್ಲಿದ್ದರು. ಸ್ಪೀಕರ್ ಹಾಕಿ, ಕೆಳಗೆ ಬಿದ್ದ ಆ ಕಿವಿಯನ್ನು ಎತ್ತಿ ಫೋನು ಹಿಡಿದೆ.

"ಬೀಗರ, ಅಂಜಬ್ಯಾಡ ಅಂತ ಅಕಿಗೆ ಹೇಳ್ರಿ. ಬರೇ ಒಂದ ತಾಸಿನ ಕೆಲಸ ಅಂದಾರ. ನಾ ಬಾಗಲದಾಗ ಕುಂತಿರ್ತೇನಿ ಅಂತ ಹೇಳ್ರಿ."

ಆಮೇಲೆ ಅತ್ತೆಯ ಸಣ್ಣ ದನಿ.

"ಬೀಗರ, ಅವರು ನಿನ್ನಿಯಿಂದ ಹೊಟ್ಟಿಗೆ ಏನೂ ಹಾಕ್ಕೊಂಡಿಲ್ಲ. ನಾ ಒಳಗ ಹೋದ ಮ್ಯಾಲೆ ಕೆಳಗಿಳದು ಎರಡ ಇಡ್ಲಿ ತಿಂದು ಬರ್ರಿ ಅಂತ ಹೇಳ್ರಿ."

"ತಿಂತೇನಿ ಅಂತ ಹೇಳ್ರಿ ಬೀಗರ."

"ಬೀಗರ, ನನಗ ಏನರ ಹೆಚ್ಚುಕಡಿಮಿ ಆತಂದ್ರ..."

"ಬೀಗರ, ಅಂಥಾ ಮಾತು ನಾ ಮುಟ್ಟಸೂದಿಲ್ಲ ಅಂತ ನೀವ ಅಕಿಗೆ ಹೇಳಿಬಿಡ್ರಿ."

ಆ ಕಡೆ ಗಾಲಿ ಉರುಳುವ ಸದ್ದು, ಯಾರೋ ದಾರಿ ಬಿಡಿಸುವ ಸದ್ದು, ಬಾಗಿಲು ಮುಚ್ಚಿದ ಸದ್ದು. ಬೀಗರು ನಿದ್ದೆಯಲ್ಲಿ ಒಮ್ಮೆ ಬಾಯಿ ಚಪ್ಪರಿಸಿದರು, ಅಷ್ಟೇ. ನಾನು ಸುಳ್ಳು ಹೇಳಿದೆ. ಬೀಗರು ಎಲ್ಲ ಕೇಳಿಸಿಕೊಂಡರು, ಬಾಲ ಅಲ್ಲಾಡಿಸಿದರು ಎಂದೆ. ಮಾಮಾ ದನಿಯನ್ನು ಇನ್ನಷ್ಟು ತಗ್ಗಿಸಿದ.

"ಇರ್ಲಿ ಬಿಡವಾ. ಅವರಿಗೆ ಕಿವಿ ಹೋಗ್ಯಾವಂತ ನನಗ ಗೊತ್ತೈತಿ. ದಸರಾದಾಗ ಗಿರಣಿ ಪಟ್ಟಾ ಹರದು ಢಂ ಅಂದಾಗ ಅಲ್ಲೇ ಮಗ್ಗಲದಾಗ ಮಲಗಿದ್ರು, ಮಿಸುಕಾಡ್ಲಿಲ್ಲ. ನಿಮ್ಮ ಅತ್ತಿಗೆ ಮಾತ್ರ ಹೇಳಬ್ಯಾಡ. ಗೊತ್ತಾದ್ರ ಅಕಿ ಮಾತ ಬಿಡತಾಳ. ಆಮ್ಯಾಲೆ ನನ್ನ ಕೂಡ ಯಾರು ಮಾತಾಡ್ತಾರ?"

ಊರಿಗೆಲ್ಲ ಮಾತು ಹಂಚುವ ಮಾಮಾ ಹೀಗೆಂದ. ಫೋನು ಇಟ್ಟ ಮೇಲೆ ನಾನು ಬೀಗರ ಪಕ್ಕದಲ್ಲೇ ಕುಳಿತು ಕಣ್ಣೀರು ಹಾಕಿದೆ. ಕುರ್ಚಿ ಏಕೆ ಹಲಗೆಯ ಹತ್ತಿರಕ್ಕೆ ಸರಿದಿತ್ತೆಂದು ಆಗ ನನಗೆ ಹೊಳೆಯಿತು.

ಆಪರೇಶನ್ ಚೆನ್ನಾಗಿ ಆಯಿತು. ಐದನೆಯ ದಿನ ಇಳಿಹೊತ್ತಿಗೆ ಮನೆಗೆ ಬಂದರು. ಮಗಳು ಸಾಮಾನು ಇಳಿಸುತ್ತಿದ್ದಳು. ಬೀಗರು ಅತ್ತೆಯ ಸೀರೆ ಮೂಸಿ, ಮುದಿ ಸೊಂಟವನ್ನೆಲ್ಲ ಅಲ್ಲಾಡಿಸಿ, ದಣಿದು ಹಲಗೆಯ ಮೇಲೆ ಬಿದ್ದುಕೊಂಡು ಕಣ್ಣು ಮುಚ್ಚಿದರು. ಅತ್ತೆಯನ್ನು ಹಲಗೆಯ ಆ ತುದಿಗೆ ಕೂರಿಸಿದೆವು. ಮಾಮಾ ಕುರ್ಚಿ ಎಳೆದುಕೊಂಡು ಈ ತುದಿಗೆ ಕುಳಿತ. ನಾನು ಚಹಾ ತಂದಿಟ್ಟೆ.

"ಬೀಗರ," ಎಂದ ಮಾಮಾ, "ಐದ ದಿನ ಮನಿ ಹಾಳ ಸುರೀತಿತ್ತು ಅಂತ ಅಕಿಗೆ ಹೇಳ್ರಿ."

ಐದು ದಿನ ತಾನೂ ಹುಬ್ಬಳ್ಳಿಯಲ್ಲೇ ಇದ್ದವನಿಗೆ ಮನೆ ಹಾಳು ಸುರಿದದ್ದು ಹೇಗೆ ತಿಳಿಯಿತು ಎಂದು ನಾನು ಕೇಳಲಿಲ್ಲ. ನನ್ನ ಕಣ್ಣು ಕೆಳಗಿತ್ತು. ಆ ತುದಿಯಲ್ಲಿ ಸೀರೆಯ ನಿರಿಗೆಯೊಳಗಿಂದ ಒಂದು ಹೆಬ್ಬೆರಳು, ಈ ತುದಿಯಲ್ಲಿ ಧೋತರದ ಕೆಳಗಿಂದ ಒಂದು ಹೆಬ್ಬೆರಳು, ಎರಡೂ ಒಟ್ಟಿಗೆ ಹಲಗೆಯನ್ನು ತಟ್ಟಿದವು.

ಬೀಗರು ಎದ್ದು ಕುಳಿತು ಯಾರ ಕಡೆಗೆ ನೋಡಬೇಕೋ ತಿಳಿಯದೆ ನನ್ನ ಕಡೆಗೆ ನೋಡಿದರು. ಮಾಮಾ ಅತ್ತೆಯ ಕಾಲನ್ನು ನೋಡಿದ. ಅತ್ತೆ ಮಾಮಾನ ಕಾಲನ್ನು ನೋಡಿದಳು. ಆಮೇಲೆ ಇಬ್ಬರೂ ತಲೆ ಎತ್ತಿದರು.

"ನಿನಗೂ ಗೊತ್ತಿತ್ತೇನ?" ಎಂದ ಮಾಮಾ.

ಮೂವತ್ತೈದು ವರ್ಷದಲ್ಲಿ ಮೊದಲನೆಯದು. ಆಡಿದೆನೆಂಬುದು ಅವನ ಲಕ್ಷ್ಯಕ್ಕೇ ಬಂದಿರಲಿಲ್ಲ. ಅತ್ತೆಯ ಲಕ್ಷ್ಯಕ್ಕೆ ಬಂದಿತ್ತು. ಅವಳ ಕಣ್ಣು ತುಂಬಿತು, ಹೊಸ ಮದುಮಗಳ ಹಾಗೆ ಮುಖ ಕೆಂಪಾಯಿತು. ಹೂಂ ಎನ್ನುವಂತೆ ತಲೆ ಅಲ್ಲಾಡಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಬಗ್ಗಿ, ಕೇಳದ ಆ ಎರಡು ಕಿವಿಗಳ ನಡುವೆ ಮೆಲ್ಲಗೆ ಕೈಯಾಡಿಸಿದಳು.

"ಬೀಗರ," ಎಂದಳು, "ಚಾ ಆರಾಕತ್ತೈತಿ, ಕುಡೀರಿ ಅಂತ ಅವರಿಗೆ ಹೇಳ್ರಿ."